ಊರಿಗೊಂದು ತಂಡ, ತಂಡಕ್ಕೊಂದು ಊರು

(ರಾಬರ್ಟ್‌ಸನ್‌ಪೇಟೆಯಲ್ಲಿ ಕ್ರೀಡಾಸಕ್ತರ ಮುಂದೆ ಮಾಡಿದ ಭಾಷಣದ ಬರಹ ರೂಪ)



ತಮ್ಮ ಊರಿನ ತಂಡವನ್ನು ಹಿಂಬಾಲಿಸುವವರ ಬೇಸರ ಮತ್ತು ಭರವಸೆ, ಇದು ಇಂದಿನ ಮಾತಿನ ವಿಷಯ. ರಾಬರ್ಟ್‌ಸನ್‌ಪೇಟೆಯಲ್ಲಿ ನಿಂತು ಈ ವಿಷಯ ಎತ್ತಿಕೊಂಡರೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ವೃತ್ತಿಪರ ಆಟದ ಮಟ್ಟಿಗೆ ಹೇಳುವುದಾದರೆ ಈ ಊರಿನ ಹೆಸರು ಹೊತ್ತ ತಂಡವೇ ಇಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಕ್ರಿಕೆಟ್ ಪಂದ್ಯಾವಳಿ ಆರಂಭವಾದಾಗ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಗುಲ್ಬರ್ಗ, ಶಿವಮೊಗ್ಗ ಎಂದು ಆರು ಊರುಗಳ ಹೆಸರನ್ನು ತಂಡಗಳಿಗೆ ಇಟ್ಟರು. ಕೋಲಾರದ ಹೆಸರು ಅದರಲ್ಲಿ ಬರಲಿಲ್ಲ. ಹೋಗಲಿ, ಹೆಸರು ಬಂದ ಊರುಗಳಿಗಾದರೂ ಆಟ ಬಂತೇ ಎಂದರೆ ಅದೂ ಇಲ್ಲ. ಆ ವರ್ಷದ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ ಮಾತ್ರ. ಗುಲ್ಬರ್ಗದ ಅಭಿಮಾನಿ ತನ್ನ ಊರಿನ ತಂಡವನ್ನು ಟಿ.ವಿ.ಯಲ್ಲೇ ನೋಡಬೇಕಾಯಿತು.

ಆದರೆ ತಂಡವಿಲ್ಲದ ಊರಿಗೆ ಅಭಿಮಾನವೂ ಇಲ್ಲ ಎಂದು ತಿಳಿಯುವಂತಿಲ್ಲ. ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ ದಾಟಿ ಬಂಗಾರಪೇಟೆಯಲ್ಲಿ ದೊಡ್ಡ ಮಾರ್ಗವನ್ನು ಸೇರುತ್ತದೆ. ಆ ಮಾರ್ಗದ ಒಂದು ತುದಿ ಬೆಂಗಳೂರು, ಇನ್ನೊಂದು ತುದಿ ಚೆನ್ನೈ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನರಿಗೆ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆಗೆ ಮರಳುವುದೇ ಬದುಕಾಯಿತು. ಅನ್ನ ಕೊಡುವ ಊರು ಬೆಂಗಳೂರಾದರೆ, ಹಲವರ ಮನೆಮಾತು ತಮಿಳು. ಹೀಗಾಗಿ ಇಲ್ಲಿ ಒಂದೇ ಮನೆಯ ದಾರದ ಮೇಲೆ ಬೆಂಗಳೂರಿನ ಕೆಂಪು ಅಂಗಿಯೂ ಚೆನ್ನೈನ ಹಳದಿ ಅಂಗಿಯೂ ಒಣಗುತ್ತಿದ್ದರೆ ಸೋಜಿಗಪಡಬೇಕಾಗಿಲ್ಲ. ತನ್ನ ತಂಡ ಯಾವುದು ಎಂದು ಹೇಳುವಾಗ ಇಲ್ಲಿನವನು ತನ್ನ ಊರು ಯಾವುದು ಎಂಬುದನ್ನೂ ಹೇಳುತ್ತಿರುತ್ತಾನೆ. ಆದುದರಿಂದಲೇ ಈ ವಿಷಯ ಬರಿಯ ಆಟದ ವಿಷಯವಲ್ಲ.

ಮೊದಲು ಬೇಸರದ ಕಥೆ. 2008ರ ಏಪ್ರಿಲ್ 18ರಂದು ಐಪಿಎಲ್ ಆರಂಭವಾದದ್ದೇ ಬೆಂಗಳೂರಿನಲ್ಲಿ. ಅಂದು ಕೋಲ್ಕತ್ತದ ಪರ ಬ್ರೆಂಡನ್ ಮೆಕಲಂ ಒಬ್ಬರೇ 158 ರನ್ ಹೊಡೆದರು. ನಮ್ಮ ರಾಯಲ್ ಚಾಲೆಂಜರ್ಸ್ ತಂಡದ ಎಲ್ಲರೂ ಸೇರಿ ಗಳಿಸಿದ್ದು 82. ಮುಂದೆ ಮೂರು ಸಲ ಫೈನಲ್ ತಲುಪಿ ಮೂರು ಸಲವೂ ಸೋತರು. 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ವಿರುದ್ಧ 6 ರನ್‌ಗಳಿಂದ, 2011ರಲ್ಲಿ ಚೆನ್ನೈ ವಿರುದ್ಧ 58 ರನ್‌ಗಳಿಂದ, 2016ರಲ್ಲಿ ತಮ್ಮದೇ ಅಂಗಳದಲ್ಲಿ ಹೈದರಾಬಾದ್ ವಿರುದ್ಧ 8 ರನ್‌ಗಳಿಂದ. 2013ರ ಏಪ್ರಿಲ್ 23ರಂದು 263 ರನ್ ಹೊಡೆದ ತಂಡ, 2017ರ ಅದೇ ಏಪ್ರಿಲ್ 23ರಂದು 49ಕ್ಕೆ ಉರುಳಿತು. ಅಭಿಮಾನಿಗಳು ಮಾತ್ರ ಪ್ರತಿ ವರ್ಷವೂ ‘ಈ ಸಲ ಕಪ್ ನಮ್ದೇ’ ಎಂದರು. ಮೊದಮೊದಲು ಅದು ಭರವಸೆಯಾಗಿತ್ತು. ಬರಬರುತ್ತಾ ಊರವರೆಲ್ಲ ಆಡಿಕೊಳ್ಳುವ ನಗೆಮಾತಾಯಿತು.

ಇದು ಶಾಪ, ಹಣೆಬರಹ ಎಂದೆಲ್ಲ ಹೇಳಿದವರಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ, ಖರ್ಚಿಗೆ ಎಲ್ಲರಿಗೂ ಒಂದೇ ಮಿತಿ ಇರುವ ಪಂದ್ಯಾವಳಿ ಇದು. ಎಲ್ಲ ತಂಡಗಳೂ ಸರಿಸಮ ಎಂದುಕೊಂಡು, ಕಪ್ಪನ್ನು ಪ್ರತಿ ವರ್ಷ ಚೀಟಿ ಎತ್ತಿ ಕೊಡುತ್ತಿದ್ದರು ಎಂದೇ ಇಟ್ಟುಕೊಳ್ಳಿ. 2008ರಿಂದ 2024ರವರೆಗಿನ 17 ವರ್ಷಗಳಲ್ಲಿ ಕೆಲವು ಸಲ ಎಂಟು, ಕೆಲವು ಸಲ ಒಂಬತ್ತು, ಕೆಲವು ಸಲ ಹತ್ತು ತಂಡಗಳಿದ್ದವು. ಅಷ್ಟೂ ವರ್ಷ ಒಂದು ತಂಡದ ಚೀಟಿ ಒಮ್ಮೆಯೂ ಬಾರದಿರುವ ಸಾಧ್ಯತೆ ನೂರಕ್ಕೆ ಸುಮಾರು 12. ಅಂದರೆ ಎಂಟು ತಂಡಗಳಲ್ಲಿ ಒಂದಕ್ಕೆ ಆ ಪಾಡು ಬಂದರೆ ಅದು ಲೆಕ್ಕಕ್ಕೆ ಹೊರತಾದ ಸಂಗತಿಯಲ್ಲ. 2025ರ ಪಂದ್ಯಾವಳಿ ಮುಗಿದಾಗಲೂ ಮೊದಲ ವರ್ಷದಿಂದ ಆಡುತ್ತಿರುವ ದೆಹಲಿ ಮತ್ತು ಪಂಜಾಬ್ ತಂಡಗಳ ಕೈ ಬರಿದಾಗಿಯೇ ಇತ್ತು. ಸೋಲು ಹಣೆಬರಹವಲ್ಲ, ಒಂದೇ ಕಪ್ಪಿಗೆ ಹತ್ತು ಊರು ಕೈಚಾಚಿದರೆ ಒಂಬತ್ತು ಊರುಗಳ ಕೈ ಪ್ರತಿ ವರ್ಷವೂ ಬರಿದೇ. ಆದ್ದರಿಂದ ತಂಡವನ್ನು ಹಿಂಬಾಲಿಸುವುದೆಂದರೆ ಬಹುಪಾಲು ಸೋಲನ್ನು ಹಿಂಬಾಲಿಸುವುದೇ. ಮೊದಲು ಗೆದ್ದವರು ಹೆಣ್ಣುಮಕ್ಕಳು, 2024ರ ಮಾರ್ಚ್‌ನಲ್ಲಿ. ಮರುವರ್ಷ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪುರುಷರ ತಂಡ ಪಂಜಾಬನ್ನು ಸೋಲಿಸಿತು. ಗೆಲುವಿನ ಅಂತರ, 2009ರಲ್ಲಿ ಕಪ್ ಕೈತಪ್ಪಿಸಿದ ಅದೇ 6 ರನ್!

ಇನ್ನು ಒಂದು ಪ್ರಶ್ನೆ. ಈ ತಂಡ ನಮ್ಮದು ಹೇಗೆ? ಅದರ ಹೆಸರು ಬಂದದ್ದು ಒಂದು ವಿಸ್ಕಿಯಿಂದ. 2008ರಲ್ಲಿ ಅದನ್ನು ಕೊಂಡವರು ಮದ್ಯದ ಉದ್ಯಮಿ. ಆಮೇಲೆ ಒಡೆತನ ಬದಲಾಯಿತು. ಕಪ್ ಗೆದ್ದ ನಾಯಕ ರಜತ್ ಪಾಟೀದಾರ್ ಇಂದೋರಿನವರು. ಜನ ತಲೆಯ ಮೇಲೆ ಹೊತ್ತು ಮೆರೆಸುವ ವಿರಾಟ್ ಕೊಹ್ಲಿ ದೆಹಲಿಯವರು. ಫೈನಲಿನಲ್ಲಿ ಕರ್ನಾಟಕದಿಂದ ಮಯಂಕ್ ಅಗರವಾಲ್ ಇದ್ದರು, ಅಷ್ಟೆ. ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಆಗಲಿಕ್ಕೂ 2024 ಬರಬೇಕಾಯಿತು. ಒಡೆಯ ಬದಲಾದ, ಆಟಗಾರರು ಬದಲಾದರು, ಹೆಸರೂ ಬದಲಾಯಿತು. ಹದಿನೆಂಟು ವರ್ಷವೂ ಬದಲಾಗದೆ ನಿಂತವರು ಕೊಹ್ಲಿ ಮತ್ತು ಅಭಿಮಾನಿಗಳು. ಕೊಹ್ಲಿಯವರನ್ನು ಜನ ತಮ್ಮವರೆಂದು ಬಗೆದದ್ದಕ್ಕೆ ಈ ಜೊತೆನಿಲ್ಲುವಿಕೆಯೇ ದೊಡ್ಡ ಕಾರಣ. ತಂಡವನ್ನು ಊರಿನದಾಗಿಸುವುದು ಹುಟ್ಟೂ ಅಲ್ಲ, ಹಣವೂ ಅಲ್ಲ, ಬಿಟ್ಟುಹೋಗದೆ ನಿಲ್ಲುವುದು.

ಆದರೆ ನಿಂತವನಿಗೆ ಹಕ್ಕೇನು? ಇಲ್ಲಿ ನಿಮಗೆ ದೂರದ ಎರಡು ಊರುಗಳ ವಿಷಯ ಹೇಳಬೇಕು.

ಮೊದಲನೆಯದು ಮೆಕ್ಸಿಕೋ ದೇಶದ ಪಚುಕಾ. 1880ರಲ್ಲಿ ಇಲ್ಲಿ ಚಿನ್ನದ ಗಣಿ ಕೆಲಸಕ್ಕೆ ಇಳಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಹೆಸರು ಈ ಊರಿನ ಮಕ್ಕಳಿಗೂ ಗೊತ್ತು. ಆ ಮನೆತನದ ಜಾನ್ ಟೇಲರ್ 1824ರಲ್ಲೇ ಪಚುಕಾದ ಪಕ್ಕದ ರಿಯಲ್ ದೆಲ್ ಮೊಂತೆಯ ಬೆಳ್ಳಿ ಗಣಿಗೆ ಕೈಹಾಕಿದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರು ಅಲ್ಲಿಗೂ ಹೋದರು, ಮುಂದೆ ಇಲ್ಲಿಗೂ ಬಂದರು. ಅಲ್ಲಿ ಟೇಲರ್ ಕಂಪನಿ ಕಾಲ್ತೆಗೆದ ಮೇಲೂ ಕಾರ್ನ್‌ವಾಲಿನವರು ಉಳಿದರು, ಫುಟ್‌ಬಾಲ್ ಆಡಿದರು, ಊರಿನವರು ಸೇರಿಕೊಂಡರು. ಹೀಗೆ ಹುಟ್ಟಿದ ಪಚುಕಾ ಕ್ಲಬ್ ತನ್ನ ಹುಟ್ಟುವರ್ಷ 1901 ಎನ್ನುತ್ತದೆ. ನಡುವೆ ವರ್ಷಗಟ್ಟಲೆ ಇಲ್ಲವಾಗಿ ಮತ್ತೆ ಎದ್ದ ಆ ತಂಡ 2024ರಲ್ಲಿ ಉತ್ತರ ಮತ್ತು ಮಧ್ಯ ಅಮೆರಿಕದ ಕ್ಲಬ್‌ಗಳ ಚಾಂಪಿಯನ್ ಆಯಿತು. ಕೋಲಾರದ ಚಿನ್ನದ ಗಣಿಯಲ್ಲಿ ಹಾಗೇಕೆ ಆಗಲಿಲ್ಲ? ಇಲ್ಲಿ ದೊರೆಗಳ ಕ್ಲಬ್ ದೊರೆಗಳಿಗೇ ಮೀಸಲಾಗಿತ್ತು. ಕಾರ್ಮಿಕನ ಆಟ ಕಂಪನಿಯ ಆಸರೆಯಲ್ಲಿ ಬೆಳೆಯಿತು: ಮೈದಾನ ಕಂಪನಿಯದು, ಕೆಲಸ ಕಂಪನಿಯದು. ಕಂಪನಿ ಮುಚ್ಚಿದಾಗ ಆಟಕ್ಕೆ ಆಸರೆ ತಪ್ಪಿತು. ಇದು ನಿಮ್ಮೊಬ್ಬರ ಕಥೆಯಲ್ಲ. ಬೆಂಗಳೂರಿನ ಐಟಿಐ, ಎಚ್‌ಎಎಲ್ ಫುಟ್‌ಬಾಲ್ ತಂಡಗಳೂ ಕಾರ್ಖಾನೆಯ ನೆರಳಿನಲ್ಲೇ ಬೆಳೆದವು, ಆ ನೆರಳು ಸರಿದಾಗ ಬಾಡಿದವು.

ಎರಡನೆಯದು ಅಮೆರಿಕದ ಗ್ರೀನ್ ಬೇ. 2011ರ ಜನಗಣತಿಯಲ್ಲಿ ರಾಬರ್ಟ್‌ಸನ್‌ಪೇಟೆಯ ಜನಸಂಖ್ಯೆ 1 ಲಕ್ಷ 62 ಸಾವಿರ. ಗ್ರೀನ್ ಬೇ ಅದಕ್ಕಿಂತ ಚಿಕ್ಕದು, 2020ರಲ್ಲಿ 1 ಲಕ್ಷ 7 ಸಾವಿರ. ಅಲ್ಲೂ 1919ರಲ್ಲಿ ತಂಡಕ್ಕೆ ಅಂಗಿ ಕೊಡಿಸಿದ್ದು ಮಾಂಸವನ್ನು ಡಬ್ಬಿಗೆ ತುಂಬುವ ಒಂದು ಕಂಪನಿಯೇ. ಪ್ಯಾಕರ್ಸ್ ಎಂಬ ಹೆಸರು ಬಂದದ್ದು ಅದರಿಂದ. ಆದರೆ 1923ರಲ್ಲಿ ಹಣದ ಮುಗ್ಗಟ್ಟು ಬಂದಾಗ ಊರಿನವರೇ ಷೇರು ಕೊಂಡು ತಂಡ ಉಳಿಸಿಕೊಂಡರು. ಇಂದು ಷೇರುದಾರರು 5 ಲಕ್ಷಕ್ಕೂ ಹೆಚ್ಚು. ಆ ಷೇರಿಗೆ ಲಾಭಾಂಶವಿಲ್ಲ, ಮಾರಿ ದುಡ್ಡು ಮಾಡಿಕೊಳ್ಳುವಂತೆಯೂ ಇಲ್ಲ. ಷೇರುದಾರನಿಗೆ ದಕ್ಕುವುದು ಒಂದು ಮತ, ಮತ್ತು ತಂಡವನ್ನು ಯಾರೂ ಊರಿನಿಂದ ಹೊತ್ತೊಯ್ಯಲಾರರೆಂಬ ನೆಮ್ಮದಿ. ಆ ತಂಡವೂ 1968ರಿಂದ 1997ರವರೆಗೆ, 29 ವರ್ಷ, ದೊಡ್ಡ ಕಪ್ ಕಾಣಲಿಲ್ಲ. ಆದರೆ ಸೋತ ತಂಡ ನಾಳೆ ಇರುತ್ತದೋ ಇಲ್ಲವೋ ಎಂಬ ದಿಗಿಲು ಊರಿಗೆ ಇರಲಿಲ್ಲ.

ನಮ್ಮ ಅಭಿಮಾನಿಗೆ ಆ ನೆಮ್ಮದಿ ಇಲ್ಲ. 2013ರಲ್ಲಿ ಹುಟ್ಟಿ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿದ್ದು ಬೆಂಗಳೂರು ಎಫ್‌ಸಿ. ದೇಶದ ಫುಟ್‌ಬಾಲ್ ಲೀಗಿನ ಒಪ್ಪಂದದ ಗೊಂದಲದಲ್ಲಿ 2025ರ ಆಗಸ್ಟ್‌ನಲ್ಲಿ ಅಂಥ ಕ್ಲಬ್ಬೇ ಆಟಗಾರರ ಸಂಬಳ ತಡೆಹಿಡಿಯಿತು. ಅಭಿಮಾನಿಗಳನ್ನು ಕೇಳುವವರಿರಲಿಲ್ಲ.

ಇದಕ್ಕಿಂತ ಘೋರವಾದದ್ದು ಜೂನ್ 4. ಹದಿನೆಂಟು ವರ್ಷ ಕಾದ ಜನರನ್ನು ವಿಜಯೋತ್ಸವಕ್ಕೆ ಕರೆದರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೂರಲು ಜಾಗ ಇರುವುದು ಮೂವತ್ತೈದು ಸಾವಿರದೊಳಗೆ, ಬಂದವರು ಲಕ್ಷಗಟ್ಟಲೆ. ಬಾಗಿಲುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು, ಹೆಚ್ಚಿನವರು ಎಳೆಯರು. ಕೋಲಾರ ಜಿಲ್ಲೆಗೂ ಆ ಸಾವು ತಟ್ಟಿತು. ಆ ಕ್ರೀಡಾಂಗಣ ದೊಡ್ಡ ಜನಸಂದಣಿಗೆ ತಕ್ಕುದಲ್ಲವೆಂದು ನ್ಯಾಯಮೂರ್ತಿ ಕುನ್ಹ ಆಯೋಗ ಹೇಳಿತು. ಅದೇ ವರ್ಷ ಅಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು. ಕರೆದವರಿಗೆ ಜನ ಕಂಡದ್ದು ಬರಿಯ ಗುಂಪಾಗಿ. ಎಷ್ಟು ಮಂದಿ ಬಂದಾರು, ಯಾವ ಬಾಗಿಲಿನಿಂದ ಒಳಗೆ ಹೋದಾರು ಎಂದು ಮೊದಲೇ ಯೋಚಿಸುವುದು ಮದುವೆ ಮನೆಯ ಯಜಮಾನನಿಗೂ ಗೊತ್ತಿರುವ ಮರ್ಯಾದೆ.

ಹಾಗಾದರೆ ಅಭಿಮಾನವನ್ನೇ ಬಿಟ್ಟುಬಿಡುವುದೇ? ನಾನು ಹಾಗೆ ಹೇಳಲಾರೆ. ಹೇಳಿದರೂ ನೀವು ಕೇಳುವವರಲ್ಲ. ಕೆಂಪಾಗಲಿ, ಹಳದಿಯಾಗಲಿ, ಅಂಗಿ ತೊಡಿ. ಆದರೆ ನಿಂತವನಿಗೂ ಹಕ್ಕಿದೆ ಎಂಬುದನ್ನು ಮರೆಯಬೇಡಿ. ಭದ್ರವಾದ ಬಾಗಿಲು, ಸುಲಭ ಬೆಲೆಯ ಟಿಕೆಟ್, ರಾತ್ರಿ ಪಂದ್ಯ ಮುಗಿದ ಮೇಲೆ ಬಂಗಾರಪೇಟೆ ಕಡೆಗೊಂದು ರೈಲು: ಇವನ್ನು ಕೇಳುವುದು ಅಧಿಕಪ್ರಸಂಗವಲ್ಲ.

ಇನ್ನೊಂದು ಮಾತು. ಟಿ.ವಿ.ಯ ತಂಡಕ್ಕೆ ಕೊಡುವ ಪ್ರೀತಿಯಲ್ಲಿ ಹತ್ತರಲ್ಲೊಂದು ಪಾಲನ್ನು ನಿಮ್ಮ ಮೈದಾನದಲ್ಲಿ ಭಾನುವಾರ ಆಡುವ ಹುಡುಗ ಹುಡುಗಿಯರಿಗೂ ಕೊಡಿ. ಹತ್ತು ಮಂದಿ ಗೆರೆಯಾಚೆ ನಿಂತು ಚಪ್ಪಾಳೆ ತಟ್ಟಿ. ಚೆಂಡಿಗೆ, ಬಲೆಗೆ, ಬಸ್ಸಿನ ಖರ್ಚಿಗೆ ನಾಲ್ಕು ಕಾಸು ಕೂಡಿಸಿ. ಗ್ರೀನ್ ಬೇಯವರೂ 1923ರಲ್ಲಿ ಮಾಡಿದ್ದು ಇದನ್ನೇ. ಕಂಪನಿ ಕಟ್ಟಿಕೊಟ್ಟ ಊರಿನಲ್ಲಿ ಕಂಪನಿ ಹೋದ ಮೇಲೂ ಇಪ್ಪತ್ತೈದು ವರ್ಷ ಬಾಳಿ ತೋರಿಸಿದವರು ನೀವು. ಒಂದು ತಂಡ ಕಟ್ಟುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.