ಗಾಳಿಯ ದಾರಿ, ಗಾಡಿಯ ದಾರಿ

(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ನಮ್ಮ ಹುಡುಗರಲ್ಲಿ ಹಲವರು ಶಾಲೆ ಬಿಟ್ಟೋ ಐಟಿಐ ಮುಗಿಸಿಯೋ ಗ್ಯಾರೇಜು ಸೇರುತ್ತಾರೆ. ಅಲ್ಲಿ ಎದುರಾಗುವ ಒಂದು ಪ್ರಶ್ನೆಯನ್ನೇ ಇಂದು ಎತ್ತಿಕೊಂಡಿದ್ದೇನೆ. ಟರ್ಬೊ ಇಲ್ಲದ ಕಾರು. ವಾರವೆಲ್ಲ ರಸ್ತೆಯಲ್ಲಿ ಓಡಬೇಕು, ಬಿಡುವಿದ್ದಾಗ 402 ಮೀಟರಿನ ಡ್ರ್ಯಾಗ್ ಟ್ರ್ಯಾಕಿನಲ್ಲೂ ಓಡಬೇಕು. ಅದಕ್ಕೆ ಎಂಥ ಇಂಟೇಕ್ ಮ್ಯಾನಿಫೋಲ್ಡ್ ಸರಿ? "ದೊಡ್ಡ ಕೊಳವೆ ಹಾಕು, ಗಾಳಿ ಹೆಚ್ಚು ಹೋಗುತ್ತದೆ" ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅದು ಅರ್ಧ ಸತ್ಯ. ಅದನ್ನು ನಂಬಿದರೆ ಮನೆಯವರು ಕೂಡಿಟ್ಟ ದುಡ್ಡು ವ್ಯರ್ಥವಾಗುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ. 1300 ಸಿಸಿ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 3900 ಲೀಟರ್ ಗಾಳಿ ಕೇಳುತ್ತದೆ. ಹೀರುವ ಒಂದು ಸ್ಟ್ರೋಕಿಗೆ ಸಿಗುವ ಸಮಯ ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗ. ಟರ್ಬೊ ಇಲ್ಲವಾದ್ದರಿಂದ ವಾತಾವರಣದ ಒತ್ತಡವೇ ಗಾಳಿಯನ್ನು ಒಳಗೆ ತಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಗಾಳಿಯೇ ಶೇಕಡಾ 8ರಷ್ಟು ತೆಳು.

ಇಲ್ಲಿ ಕೊಳವೆಯ ಉದ್ದ ನೆರವಿಗೆ ಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಹುಟ್ಟುವ ಒತ್ತಡದ ಅಲೆ ಕೊಳವೆಯಲ್ಲಿ ಮೇಲೆ ಹೋಗಿ, ತೆರೆದ ತುದಿಯಿಂದ ಹಿಂತಿರುಗುತ್ತದೆ. ವಾಲ್ವ್ ಮುಚ್ಚುವ ಮುನ್ನ ಅದು ಬಂದು ಮುಟ್ಟಿದರೆ ಇನ್ನಷ್ಟು ಗಾಳಿಯನ್ನು ಒಳಗೆ ತುರುಕುತ್ತದೆ. ಆ ಅಲೆ ಶಬ್ದದ ವೇಗದಲ್ಲಿ, ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಷ್ಟರಲ್ಲಿ ಕ್ರ್ಯಾಂಕ್ 3000 ಆರ್‌ಪಿಎಂನಲ್ಲಿ 18 ಡಿಗ್ರಿ, 6000ದಲ್ಲಿ 36 ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ನಿಧಾನದ ಎಂಜಿನಿಗೆ ಉದ್ದ ಕೊಳವೆ, ವೇಗದ ಎಂಜಿನಿಗೆ ಗಿಡ್ಡ ಕೊಳವೆ. ಅಗಲ ಅತಿಯಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ಓಟ ಮಂದವಾಗಿ ಎಳೆತ ಕುಗ್ಗುತ್ತದೆ.

1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ 300ಎಫ್ ಕಾರಿಗೆ 30 ಇಂಚು ಉದ್ದದ ಕೊಳವೆಗಳನ್ನು ಹಾಕಿತು. ಶಕ್ತಿ 375 ಕುದುರೆ. ಓಟಕ್ಕೆಂದು ಸಿದ್ಧಪಡಿಸಿದ ಇನ್ನೊಂದು ಎಂಜಿನಿನಲ್ಲಿ ಹೊರನೋಟ ಹಾಗೇ ಇಟ್ಟು, ಒಳಗಿನ ಗೋಡೆಯನ್ನು ಮೊಟಕುಗೊಳಿಸಿ ಕೊಳವೆಯ ಕೆಲಸದ ಉದ್ದವನ್ನು 15 ಇಂಚಿಗೆ ಇಳಿಸಿದರು. ಶಕ್ತಿ 400 ಕುದುರೆಗೆ ಏರಿತು. ಆದರೆ ಗರಿಷ್ಠ ಟಾರ್ಕ್ ಕಡಿಮೆಯಾಯಿತು, ಅದು ಸಿಗುವ ವೇಗವೂ 2800ರಿಂದ 3600 ಆರ್‌ಪಿಎಂಗೆ ಜಿಗಿಯಿತು. ಮೇಲೆ ಪಡೆದದ್ದಕ್ಕೆ ಕೆಳಗೆ ಬೆಲೆ ತೆರಬೇಕಾಯಿತು.

ಈಗ ನಮ್ಮ ಘಾಟಿ ಸುಬ್ರಹ್ಮಣ್ಯದ ರಸ್ತೆಯನ್ನು ನೆನೆಯಿರಿ. ಏರು, ತಿರುವು, ದೇವಸ್ಥಾನಕ್ಕೆ ಬರುವ ಭಕ್ತರು, ಜಾತ್ರೆಯ ಕಾಲದಲ್ಲಿ ದನಕರುಗಳು. ಅಲ್ಲಿ ಎಂಜಿನ್ ಬಹುಪಾಲು 2000ದಿಂದ 3500 ಆರ್‌ಪಿಎಂನೊಳಗೇ ದುಡಿಯುತ್ತದೆ. ಗಿಡ್ಡ, ಅಗಲದ ಮ್ಯಾನಿಫೋಲ್ಡ್ ಹಾಕಿದವನು ಏರಿನಲ್ಲಿ ಗೇರ್ ಇಳಿಸುತ್ತಲೇ ಇರಬೇಕು, ಪೆಟ್ರೋಲ್ ಸುರಿಯುತ್ತಲೇ ಇರಬೇಕು.

ಹಾಗಾಗಿ ನನ್ನ ಸಲಹೆ ಇಷ್ಟು. ನಿಮ್ಮ ಎಂಜಿನ್ ಹೆಚ್ಚು ಹೊತ್ತು ಯಾವ ಆರ್‌ಪಿಎಂನಲ್ಲಿ ಇರುತ್ತದೆಂದು ಮೊದಲು ಬರೆದಿಡಿ. ಕ್ಯಾಮ್, ಹೆಡ್, ಎಕ್ಸಾಸ್ಟ್ ಕಂಪನಿಯದೇ ಆಗಿದ್ದರೆ ಕಂಪನಿಯ ಮ್ಯಾನಿಫೋಲ್ಡನ್ನೇ ಉಳಿಸಿ. ಬದಲಿಸಲೇಬೇಕಾದರೆ ಮಧ್ಯಮ ಉದ್ದದ್ದನ್ನು ಆರಿಸಿ, ಅದರ ಬಾಯಿ ಹೆಡ್ಡಿನ ಪೋರ್ಟಿಗೆ ಸರಿಯಾಗಿ ಕೂಡುತ್ತದೆಯೇ ನೋಡಿ, ಇಂಧನದ ಪ್ರಮಾಣ ಸರಿಪಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೊದಲೂ ನಂತರವೂ ಡೈನೊ ಮೇಲೆ ಅಳೆಯಿರಿ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 189ನೇ ಸೆಕ್ಷನ್ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಕಟ್ಟುವುದು ಅಪರಾಧ. ರಸ್ತೆಗೆ ಇಳಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿಯಿರಿ, ಓಟವನ್ನು ಟ್ರ್ಯಾಕಿಗೇ ಬಿಡಿ. ರಸ್ತೆಯಲ್ಲಿ ಬಿದ್ದ ಮಗನನ್ನು ಯಾವ ಕುದುರೆಶಕ್ತಿಯೂ ತಾಯಿಗೆ ಮರಳಿ ತಂದುಕೊಡುವುದಿಲ್ಲ.

1206ರಲ್ಲಿ ಅಲ್-ಜಝರಿ ಎರಡು ಸಿಲಿಂಡರುಗಳ, ಹೀರುಕೊಳವೆಯ ನೀರೆತ್ತುವ ಪಂಪನ್ನು ಅಳತೆಗಳ ಸಮೇತ ವರ್ಣಿಸಿದ. ಅವನೂ ಕೈಕೆಲಸದವನೇ, ಆದರೆ ಅಳೆದು ಬರೆದಿಟ್ಟವನು. ಸ್ಪ್ಯಾನರ್ ಹಿಡಿದ ಕೈ ಪುಸ್ತಕವನ್ನೂ ಹಿಡಿಯಲಿ. ನಮ್ಮ ಧರ್ಮ ಕಲಿಸುವ ಮೀಝಾನ್, ಅಂದರೆ ಸಮತೋಲ, ಗ್ಯಾರೇಜಿನಲ್ಲೂ ಇರಲಿ. ಅಲ್ಲಾಹನು ನಮಗೆಲ್ಲ ಉಪಯುಕ್ತ ಜ್ಞಾನವನ್ನು ಕರುಣಿಸಲಿ. ಆಮೀನ್.