ಜಲಸಂಧಿಯ ಕಾವಲು

‘ಮಧ್ಯಮ ಶಕ್ತಿ’ ಎಂಬ ಮಾತು ಈಚೆಗೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಅಮೆರಿಕ, ಚೀನ, ರಷ್ಯಗಳಂತಹ ಮಹಾಶಕ್ತಿಗಳ ಪಂಕ್ತಿಗೆ ಸೇರದ, ಹಾಗೆಂದು ಚಿಕ್ಕವೆಂದು ಕಡೆಗಣಿಸಲೂ ಬಾರದ ದೇಶಗಳಿಗೆ ಈ ಹೆಸರು. ಇದನ್ನು ಓದುವಾಗ ನನ್ನಂತಹ ಹಳೆಯ ಮೇಷ್ಟರಿಗೆ ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದ ಹುಡುಗನ ಮುಖ ನೆನಪಾಗುವುದು ಸಹಜವೇ. ಆದರೆ ಈ ಶಬ್ದಕ್ಕೆ ನಮ್ಮಲ್ಲಿ ಇದಕ್ಕಿಂತ ಹಳೆಯದೂ ಖಚಿತವೂ ಆದ ಅರ್ಥವೊಂದುಂಟು.

ಕೌಟಿಲ್ಯನ ಅರ್ಥಶಾಸ್ತ್ರ ಬಹುಕಾಲ ಹೆಸರಿನಲ್ಲಿ ಮಾತ್ರ ಉಳಿದಿದ್ದ ಗ್ರಂಥ. ಅದರ ತಾಳೆಯೋಲೆಯ ಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಯಿತು. ಆ ಗ್ರಂಥದ ರಾಜಮಂಡಲದಲ್ಲಿ ಗೆಲ್ಲಬಯಸುವ ವಿಜಿಗೀಷುವೂ ಅವನ ಅರಿಯೂ ಮಾತ್ರವಲ್ಲದೆ ಮಧ್ಯಮ, ಉದಾಸೀನ ಎಂಬ ಇನ್ನಿಬ್ಬರು ರಾಜರು ಬರುತ್ತಾರೆ. ಉದಾಸೀನನು ದೂರದವನು, ಬಲಿಷ್ಠ. ಮಧ್ಯಮನ ನೆಲವಾದರೋ ವಿಜಿಗೀಷು, ಅರಿ ಇಬ್ಬರ ನೆಲಕ್ಕೂ ತಗುಲಿಕೊಂಡಿದೆ. ಅವರಿಬ್ಬರೂ ಒಂದಾಗಿದ್ದರೂ ಬೇರೆಯಾಗಿದ್ದರೂ ಅವನು ನೆರವಾಗಬಲ್ಲ. ಅವರು ಬೇರೆಯಾಗಿದ್ದಾಗ ಒಬ್ಬೊಬ್ಬರನ್ನೂ ತಡೆಯಬಲ್ಲ. ಹೀಗೆ ಮಧ್ಯಮನಾಗುವುದಕ್ಕೆ ನೆಲೆ ಮೊದಲು ಬೇಕು. ತಕ್ಕಷ್ಟು ಬಲ ಅದರ ಬೆನ್ನಿಗಿರಬೇಕು.

ಇಂದಿನ ಭೂಪಟದಲ್ಲಿ ಈ ಲಕ್ಷಣಕ್ಕೆ ತುರ್ಕಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. 2022ರಲ್ಲಿ ಆ ದೇಶವು ವಿಶ್ವಸಂಸ್ಥೆಗೆ ಪತ್ರ ಬರೆದು, ತನ್ನನ್ನು ಇಂಗ್ಲಿಷಿನ ಹಳೆಯ ಹೆಸರಿನಿಂದ ಕರೆಯದೆ ‘ತುರ್ಕಿಯೆ’ ಎಂದೇ ಕರೆಯಬೇಕೆಂದು ಕೇಳಿಕೊಂಡಿತು. ಕನ್ನಡಿಗರಾದ ನಾವು ಮೊದಲಿನಿಂದಲೂ ತುರ್ಕಿ ಎಂದೇ ಅನ್ನುತ್ತಿರುವುದರಿಂದ ನಮ್ಮ ಮಟ್ಟಿಗೆ ಈ ತಿದ್ದುಪಡಿ ಅಷ್ಟಾಗಿ ಬೇಕಿರಲಿಲ್ಲ.

ಕೇಳುಗ ಮಿತ್ರರು ಒಂದು ಕ್ಷಣ ಆ ಭೂಪಟವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಉತ್ತರದಲ್ಲಿ ಕಪ್ಪು ಸಮುದ್ರ. ಅದರ ದಡದಲ್ಲಿ ರಷ್ಯ, ಉಕ್ರೇನ್, ರುಮೇನಿಯ, ಬಲ್ಗೇರಿಯ, ಜಾರ್ಜಿಯಗಳು. ಈ ಸಮುದ್ರದಿಂದ ಮೆಡಿಟರೇನಿಯನ್ನಿಗೆ ಹಡಗು ಹೋಗಬೇಕಾದರೆ ಬಾಸ್ಫರಸ್, ಮರ್ಮರ ಸಮುದ್ರ, ಡಾರ್ಡನೆಲ್ಸ್ – ಇವನ್ನು ದಾಟಿಯೇ ಹೋಗಬೇಕು. ಬಾಸ್ಫರಸ್ಸಿನ ಅಗಲ ಕಿರಿದಾದ ಕಡೆ ಸುಮಾರು 700 ಮೀಟರು ಮಾತ್ರ. ಎರಡು ದಡದಲ್ಲಿಯೂ ಇಸ್ತಾಂಬುಲ್ ನಗರ. ಜನ ಚಹ ಕುಡಿಯುತ್ತ ಕುಳಿತಿರುವಾಗ ಎದುರಿನಲ್ಲೇ ಯುದ್ಧನೌಕೆಗಳೂ ತೈಲದ ಹಡಗುಗಳೂ ಸಾಗಿಹೋಗುವ ಜಾಗ. ‘ಜಲಸಂಧಿ’ ಎಂಬಲ್ಲಿಯ ಸಂಧಿಯೂ ಕೌಟಿಲ್ಯನ ಷಾಡ್ಗುಣ್ಯದಲ್ಲಿ ಮೊದಲನೆಯದಾದ ಸಂಧಿಯೂ ಒಂದೇ ಶಬ್ದ. ವ್ಯಾಕರಣದ ಸಂಧಿಯನ್ನು ಇಲ್ಲಿ ಬಿಡೋಣ.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಆಟೋಮನ್ ಸಾಮ್ರಾಜ್ಯದ ಅವಶೇಷದಿಂದ 1923ರಲ್ಲಿ ತುರ್ಕಿ ಗಣರಾಜ್ಯ ಹುಟ್ಟಿತು. ಅದೇ ವರ್ಷದ ಲೊಸಾನ್ ಒಪ್ಪಂದವು ಅದಕ್ಕೆ ಸ್ವಾತಂತ್ರ್ಯವನ್ನು ಕೊಟ್ಟಿತಾದರೂ ಜಲಸಂಧಿಯ ದಡಗಳಲ್ಲಿ ಸೈನ್ಯವಿಡುವ ಹಕ್ಕನ್ನು ಕೊಡಲಿಲ್ಲ. ಅಲ್ಲಿಯ ಸಂಚಾರದ ಮೇಲ್ವಿಚಾರಣೆ ಅಂತರರಾಷ್ಟ್ರೀಯ ಆಯೋಗವೊಂದರ ಪಾಲಾಯಿತು. ಮನೆ ನಿನ್ನದು, ಬಾಗಿಲ ಬೀಗ ಮಾತ್ರ ಪರರ ಕೈಯಲ್ಲಿ ಎಂದಂತಾಯಿತು. ಕೆಮಾಲ್ ಅತಾತುರ್ಕ್ ಈ ಬೀಗವನ್ನು ಒಡೆಯಲು ಹೋಗಲಿಲ್ಲ. ಹಿಟ್ಲರ್, ಮುಸೊಲಿನಿಯರು ಒಪ್ಪಂದಗಳನ್ನು ಹರಿದು ಹಾಕುತ್ತಿದ್ದ ಆ ದಿನಗಳಲ್ಲಿ ತುರ್ಕಿ, ಹಳೆಯ ಒಪ್ಪಂದವನ್ನು ಮಾತುಕತೆಯಿಂದ ತಿದ್ದಿಕೊಡಿರೆಂದು ಕೇಳಿತು. 1936ರ ಜುಲೈ 20ರಂದು ಸ್ವಿಟ್ಜರ್ಲೆಂಡಿನ ಮಾಂತ್ರೊ ಎಂಬಲ್ಲಿ ಹೊಸ ಒಡಂಬಡಿಕೆಗೆ ಸಹಿಯಾಯಿತು. ತೊಂಬತ್ತು ವರ್ಷಗಳ ತುರ್ಕಿಯ ವಿದೇಶಾಂಗ ನೀತಿಗೆ ಇದೇ ಬುನಾದಿಯೆಂದು ನಾನು ತಿಳಿದಿದ್ದೇನೆ. ಆದುದರಿಂದ ಇದರ ವಿವರವನ್ನು ಸ್ವಲ್ಪ ಹೇಳಬೇಕು.

ಶಾಂತಿಕಾಲದಲ್ಲಿ ಎಲ್ಲ ದೇಶಗಳ ವ್ಯಾಪಾರದ ಹಡಗುಗಳಿಗೂ ದಾರಿ ತೆರೆದಿರುತ್ತದೆ. ಯುದ್ಧನೌಕೆಗಳಾದರೆ ತುರ್ಕಿಗೆ ಮುಂಚಿತವಾಗಿ ತಿಳಿಸಬೇಕು. ಕಪ್ಪು ಸಮುದ್ರದ ದಡದವರಲ್ಲದ ದೇಶಗಳ ನೌಕೆಗಳು ಆ ಸಮುದ್ರದಲ್ಲಿ 21 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಅವುಗಳ ಒಟ್ಟು ತೂಕಕ್ಕೂ ಮಿತಿಯುಂಟು. ಯುದ್ಧ ನಡೆದು, ಅದರಲ್ಲಿ ತುರ್ಕಿ ಸೇರಿರದಿದ್ದರೆ, ಹೋರಾಡುತ್ತಿರುವ ದೇಶಗಳ ಯುದ್ಧನೌಕೆಗಳು ತಮ್ಮ ನೆಲೆಗೆ ಹಿಂದಿರುಗುವುದಕ್ಕೆ ಹೊರತು ಇಲ್ಲಿ ಹಾಯುವಂತಿಲ್ಲ. ತುರ್ಕಿಯೇ ಯುದ್ಧದಲ್ಲಿದ್ದರೆ ತೀರ್ಮಾನವೆಲ್ಲ ಅದರದು. ಗಮನಿಸಿ: ಬೀಗದ ಕೈ ಸಿಕ್ಕಿತು, ಜೊತೆಗೆ ಅದನ್ನು ತನ್ನ ಮನಸ್ಸು ಬಂದಂತೆ ತಿರುಗಿಸಬಾರದೆಂಬ ಕಟ್ಟೂ ಬಂದಿತು. ಈ ಕಟ್ಟೇ ತುರ್ಕಿಗೆ ರಕ್ಷೆಯಾಯಿತು. ಬಲಿಷ್ಠನೊಬ್ಬ ಬಂದು ಬಾಗಿಲು ತೆರೆ ಎಂದಾಗ ‘ನನ್ನ ಇಷ್ಟವಲ್ಲ, ಬರೆದದ್ದು ಹೀಗಿದೆ’ ಎಂದು ಹೇಳುವ ಅನುಕೂಲ ಅದರಿಂದ ದೊರೆಯಿತು.

ಎರಡನೆಯ ಮಹಾಯುದ್ಧದಲ್ಲಿ ಇಸ್ಮೆತ್ ಇನೊನು ಅಧ್ಯಕ್ಷರಾಗಿದ್ದರು. ಅವರು ಬ್ರಿಟನ್, ಫ್ರಾನ್ಸ್‌ಗಳೊಡನೆ 1939ರಲ್ಲಿ ಒಪ್ಪಂದ ಮಾಡಿಕೊಂಡರು. ಜರ್ಮನಿಯೊಡನೆ 1941ರ ಜೂನ್ 18ರಂದು, ಅಂದರೆ ಹಿಟ್ಲರನು ರಷ್ಯದ ಮೇಲೆ ನುಗ್ಗುವ ನಾಲ್ಕು ದಿನಗಳ ಮುಂಚೆ, ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದರು. ಜರ್ಮನಿಯ ಉಕ್ಕಿಗೆ ಬೇಕಾದ ಕ್ರೋಮಿಯಂ ಅದಿರು 1944ರ ಏಪ್ರಿಲಿನವರೆಗೆ ತುರ್ಕಿಯಿಂದ ಹೋಗುತ್ತಿತ್ತು. ಚರ್ಚಿಲ್ಲರು ಯುದ್ಧಕ್ಕೆ ಸೇರಿರೆಂದು ಒತ್ತಾಯಿಸಿದಾಗಲೆಲ್ಲ ಇನೊನು ಇನ್ನಷ್ಟು ಆಯುಧಗಳನ್ನು ಕೇಳಿದರು. ಕೊನೆಗೆ 1945ರ ಫೆಬ್ರವರಿಯಲ್ಲಿ, ವಿಶ್ವಸಂಸ್ಥೆಯ ಸ್ಥಾಪನಾ ಸಭೆಯಲ್ಲಿ ಕೂರಲು ಅರ್ಹತೆ ಬೇಕೆಂದು, ಮುಳುಗುತ್ತಿದ್ದ ಜರ್ಮನಿಯ ಮೇಲೆ ಯುದ್ಧ ಸಾರಿದರು. ಇದು ವೀರರಸದ ಪ್ರಸಂಗವಲ್ಲ. ಆದರೆ ಹಿಂದಿನ ಯುದ್ಧದಲ್ಲಿ ಲಕ್ಷಾಂತರ ಮಕ್ಕಳನ್ನು ಕಳೆದುಕೊಂಡಿದ್ದ ನಾಡು ಈ ಸಲ ಅವರನ್ನು ಉಳಿಸಿಕೊಂಡಿತು. ಆ ಅದಿರಿನಿಂದ ಎರಕಗೊಂಡ ಫಿರಂಗಿಗಳು ಯಾರ ಮಕ್ಕಳನ್ನು ಕೊಂದವೆಂಬ ಪ್ರಶ್ನೆಯನ್ನೂ ಇದರ ಪಕ್ಕದಲ್ಲಿಯೇ ಇಡಬೇಕಾಗುತ್ತದೆ.

ಯುದ್ಧ ಮುಗಿದ ಕೂಡಲೇ ಸ್ಟಾಲಿನ್ನನ ಕಣ್ಣು ಜಲಸಂಧಿಯ ಮೇಲೆ ಬಿದ್ದಿತು. 1946ರಲ್ಲಿ ಸೋವಿಯತ್ ಸರಕಾರವು ಅದರ ರಕ್ಷಣೆಯಲ್ಲಿ ತನಗೂ ಪಾಲು ಬೇಕೆಂದು ಕೇಳಿತು. ಆಗ ತುರ್ಕಿ ಹಿಡಿದದ್ದು ಕೌಟಿಲ್ಯನು ಸಂಶ್ರಯವೆಂದು ಕರೆದ ದಾರಿ – ಬಲಿಷ್ಠನ ಆಸರೆ. ಕೊರಿಯದ ಯುದ್ಧಕ್ಕೆ ಸೈನ್ಯ ಕಳುಹಿಸಿ, 1952ರಲ್ಲಿ ಅದು ನೇಟೋ ಒಕ್ಕೂಟವನ್ನು ಸೇರಿತು. 1955ರ ಬಾಂಡುಂಗ್ ಸಮ್ಮೇಳನದಲ್ಲಿ ನಮ್ಮ ನೆಹರೂ ಅವರು ಸೈನಿಕ ಕೂಟಗಳನ್ನು ಖಂಡಿಸಿದರೆ, ತುರ್ಕಿಯ ಪ್ರತಿನಿಧಿ ಅವುಗಳನ್ನು ಸಮರ್ಥಿಸಿ ಮಾತನಾಡಿದರು. ರಷ್ಯ ನೆರೆಯಲ್ಲಿಲ್ಲದ ನಮಗೆ ಅಂದು ಅವರ ಭಯ ಪೂರ್ಣವಾಗಿ ಅರ್ಥವಾಗಿರಲಾರದು.

ಆಸರೆಗೂ ಬೆಲೆಯುಂಟು. 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಅಮೆರಿಕವು ತುರ್ಕಿಯಲ್ಲಿಟ್ಟಿದ್ದ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುವುದಾಗಿ ರಷ್ಯಕ್ಕೆ ಗುಟ್ಟಾಗಿ ಮಾತು ಕೊಟ್ಟಿತು. ಕ್ಷಿಪಣಿಗಳಿದ್ದ ನೆಲದವರಿಗೆ ಈ ಗುಟ್ಟು ತಿಳಿಯಲಿಲ್ಲ. 1964ರಲ್ಲಿ ಸೈಪ್ರಸ್ಸಿನ ತುರ್ಕರ ರಕ್ಷಣೆಗೆಂದು ಅಲ್ಲಿ ಸೈನ್ಯ ಇಳಿಸುವ ಆಲೋಚನೆಯಾದಾಗ ಅಧ್ಯಕ್ಷ ಜಾನ್ಸನ್ನರು ಪತ್ರ ಬರೆದು, ಅದರಿಂದ ರಷ್ಯ ಮೇಲೆ ಬಿದ್ದರೆ ನೇಟೋ ನೆರವಿಗೆ ಬಂದೀತೆಂದು ನಂಬಬೇಡಿ ಎಂಬ ಧಾಟಿಯಲ್ಲಿ ಎಚ್ಚರಿಸಿದರು. ಪತ್ರ ಓದಿದವರು ಆಗ ಪ್ರಧಾನಿಯಾಗಿದ್ದ ಅದೇ ಇನೊನು. 1974ರಲ್ಲಿ ಸೈನ್ಯ ಸೈಪ್ರಸ್ಸಿನಲ್ಲಿ ಇಳಿದೇ ಇಳಿಯಿತು. ಅಮೆರಿಕ ಮೂರು ವರ್ಷಗಳಿಗೂ ಮಿಕ್ಕಿ ಆಯುಧಗಳನ್ನು ನಿಲ್ಲಿಸಿತು. ಆ ದ್ವೀಪ ಇಂದಿಗೂ ಎರಡಾಗಿಯೇ ಇದೆ. ಉತ್ತರದ ಭಾಗವನ್ನು ರಾಜ್ಯವೆಂದು ಒಪ್ಪಿರುವುದು ತುರ್ಕಿಯೊಂದೇ. ತನಗಾದ ಅನ್ಯಾಯವನ್ನು ನೆನೆಯುವ ತುರ್ಕಿ, ಮನೆಮಠ ಬಿಟ್ಟು ದಕ್ಷಿಣಕ್ಕೆ ಓಡಿದ ಗ್ರೀಕರನ್ನು ಅಷ್ಟಾಗಿ ನೆನೆಯುವುದಿಲ್ಲ.

ನಡುವಣ ಕೆಲವು ದಶಕಗಳನ್ನು ಬೇಗನೆ ದಾಟುತ್ತೇನೆ. 2003ರ ಮಾರ್ಚ್ 1ರಂದು, ಇರಾಕಿನ ಮೇಲೆ ನುಗ್ಗಲು ಅಮೆರಿಕದ ಸೈನ್ಯಕ್ಕೆ ದಾರಿ ಕೊಡುವ ಗೊತ್ತುವಳಿಗೆ ತುರ್ಕಿಯ ಸಂಸತ್ತಿನಲ್ಲಿ ಪರವಾಗಿ 264, ವಿರುದ್ಧವಾಗಿ 250 ಮತಗಳು ಬಿದ್ದವು. 19 ಮಂದಿ ತಟಸ್ಥರಾಗಿದ್ದುದರಿಂದ ಹಾಜರಿದ್ದವರಲ್ಲಿ ಬಹುಮತವಾಗದೆ ಗೊತ್ತುವಳಿ ಬಿದ್ದುಹೋಯಿತು. ತುರ್ಕಿಯ ಪ್ರಜಾಪ್ರಭುತ್ವಕ್ಕೆ ಅದೊಂದು ಒಳ್ಳೆಯ ದಿನವೆಂದು ನನ್ನ ಎಣಿಕೆ. ಮುಂದೆ ‘ನೆರೆಯವರೊಡನೆ ಸಮಸ್ಯೆ ಶೂನ್ಯ’ ಎಂಬ ಘೋಷಣೆ ಬಂದಿತು. 2011ರಲ್ಲಿ ಸಿರಿಯದ ಅಂತರ್ಯುದ್ಧ ಹೊತ್ತಿಕೊಂಡಾಗ ತುರ್ಕಿ ಬಂಡುಗಾರರ ಪಕ್ಷ ಹಿಡಿಯಿತು. ಸಮಸ್ಯೆಯಿಲ್ಲದ ನೆರೆಯವರೇ ಇಲ್ಲವಾದರು. ಮೂವತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಗಡಿ ದಾಟಿ ಬಂದರು.

2015ರ ನವೆಂಬರಿನಲ್ಲಿ ತುರ್ಕಿ ರಷ್ಯದ ಯುದ್ಧವಿಮಾನವೊಂದನ್ನು ಹೊಡೆದು ಕೆಡವಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ರಷ್ಯದಿಂದ ಎಸ್-400 ಎಂಬ ವಿಮಾನವಿರೋಧಿ ಕ್ಷಿಪಣಿಗಳನ್ನು ಕೊಳ್ಳಲು ಒಪ್ಪಿತು. 2019ರಲ್ಲಿ ಅವು ಬಂದಿಳಿದಾಗ ಅಮೆರಿಕವು ತನ್ನ ಎಫ್-35 ವಿಮಾನಗಳ ಯೋಜನೆಯಿಂದ ತುರ್ಕಿಯನ್ನು ಹೊರಗೆ ಹಾಕಿತು. ಭಾರತವೂ 2018ರಲ್ಲಿ ಅದೇ ಎಸ್-400ಗಳಿಗೆ ಕರಾರು ಮಾಡಿಕೊಂಡಿತು. ನಾವು ಯಾರ ಕೂಟದಲ್ಲಿಯೂ ಇಲ್ಲದುದರಿಂದ ನಮಗೆ ಆ ದಂಡನೆ ತಟ್ಟಲಿಲ್ಲ. ಒಳಗಿದ್ದು ಹೊರಗಿನವನಂತೆ ನಡೆಯುವುದು, ಹೊರಗಿದ್ದು ಒಳಗಿನವರೊಡನೆ ಸ್ನೇಹ ಮಾಡುವುದಕ್ಕಿಂತ ದುಬಾರಿ.

2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ನುಗ್ಗಿತು. ತುರ್ಕಿ ಉಕ್ರೇನಿಗೆ ಚಾಲಕರಹಿತ ವಿಮಾನಗಳನ್ನು ಮಾರಿತು, ರಷ್ಯದ ಮೇಲಿನ ಆರ್ಥಿಕ ನಿರ್ಬಂಧಗಳಲ್ಲಿ ಮಾತ್ರ ಸೇರಲಿಲ್ಲ. ಅಲ್ಲಿಂದ ಅನಿಲವನ್ನೂ ತರಿಸಿಕೊಂಡಿತು, ಅಕ್ಕುಯುವಿನಲ್ಲಿ ರಷ್ಯನ್ನರು ಕಟ್ಟುತ್ತಿದ್ದ ಅಣುಸ್ಥಾವರವನ್ನೂ ನಿಲ್ಲಿಸಲಿಲ್ಲ. ಇದನ್ನು ಕಂಡು ಎರಡು ನಾಲಗೆಯ ನೀತಿಯೆಂದು ಮೂದಲಿಸಿದವರುಂಟು. ಕೌಟಿಲ್ಯನ ಆರನೆಯ ಗುಣವಾದ ದ್ವೈಧೀಭಾವಕ್ಕೂ ಜನ ಇದೇ ಅರ್ಥ ಹಚ್ಚುತ್ತಾರೆ. ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ವಿಗ್ರಹ – ಇಷ್ಟೇ ಅಲ್ಲಿ ಅವನು ಹೇಳುವುದು. ತುರ್ಕಿಯದು ಇನ್ನೂ ತೊಡಕಾದ ಆಟ: ಒಬ್ಬನೊಡನೆಯೇ ಒಂದು ವಿಷಯದಲ್ಲಿ ಸಂಧಿ, ಇನ್ನೊಂದರಲ್ಲಿ ವಿಗ್ರಹ.

ಇದರಿಂದ ಲೋಕಕ್ಕೆ ಒಂದು ಉಪಕಾರವಾದುದನ್ನು ಮರೆಯಬಾರದು. ಯುದ್ಧದಿಂದಾಗಿ ಉಕ್ರೇನಿನ ಬಂದರುಗಳಲ್ಲಿ ಗೋಧಿ, ಮೆಕ್ಕೆಜೋಳ ಕೊಳೆಯುತ್ತಿದ್ದಾಗ, 2022ರ ಜುಲೈ 22ರಂದು ವಿಶ್ವಸಂಸ್ಥೆಯೂ ತುರ್ಕಿಯೂ ಸೇರಿ ಇಸ್ತಾಂಬುಲ್ಲಿನಲ್ಲಿ ಒಂದು ಒಪ್ಪಂದ ಮಾಡಿಸಿದವು. ಮರುವರ್ಷ ಜುಲೈನಲ್ಲಿ ರಷ್ಯ ಹಿಂದೆ ಸರಿಯುವವರೆಗೆ ಸುಮಾರು 3.3 ಕೋಟಿ ಟನ್ ಧಾನ್ಯ ಮತ್ತಿತರ ಆಹಾರ ಆ ಬಂದರುಗಳಿಂದ ಹೊರಟಿತು. ಇಬ್ಬರೊಡನೆಯೂ ಮಾತು ಬಿಡದವನಿಂದ ಮಾತ್ರ ಆಗುವ ಕೆಲಸ ಇದು.

ಫಿನ್ಲೆಂಡ್, ಸ್ವೀಡನ್ನುಗಳು ನೇಟೋ ಸೇರಲು ಬಂದಾಗಿನ ಕಥೆ ಅಷ್ಟು ರುಚಿಸುವಂತಹುದಲ್ಲ. ಹಳೆಯ ಸದಸ್ಯರೆಲ್ಲರೂ ಒಪ್ಪಬೇಕೆಂಬ ನಿಯಮವನ್ನು ಹಿಡಿದು ತುರ್ಕಿ ಬಾಗಿಲಲ್ಲಿ ನಿಂತಿತು. ಸ್ವೀಡನ್ ಅಂತೂ 2024ರ ಜನವರಿಯವರೆಗೆ ಕಾಯಬೇಕಾಯಿತು; ಕುರ್ದಿ ಬಂಡುಗಾರರ ಬಗ್ಗೆ ಕಾನೂನು ಬಿಗಿಮಾಡಬೇಕಾಯಿತು. ಸಂಸತ್ತು ಒಪ್ಪಿಗೆ ಕೊಟ್ಟ ಕೆಲವೇ ದಿನಗಳಲ್ಲಿ ಅಮೆರಿಕ ಸರಕಾರವು ತುರ್ಕಿಗೆ ಎಫ್-16 ವಿಮಾನಗಳನ್ನು ಮಾರಲು ಅನುಮತಿ ಕೊಟ್ಟಿತು. ಸಂತೆಯ ವ್ಯವಹಾರವೇ ಸರಿ.

ನನಗೆ ಹೆಚ್ಚು ಕಳವಳ ತರುವುದು ಮತ್ತೊಂದು ವಿಷಯ. ಎಲ್ಲರಿಗೂ ಬೇಕಾದವನ ಮನೆಯೊಳಗೆ ಏನು ನಡೆದರೂ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. 2025ರ ಮಾರ್ಚಿಯಲ್ಲಿ ಅಧ್ಯಕ್ಷ ಎರ್ದೋಗಾನರ ಪ್ರಬಲ ಎದುರಾಳಿಯಾದ ಇಸ್ತಾಂಬುಲ್ಲಿನ ಮೇಯರ್ ಎಕ್ರೆಮ್ ಇಮಾಮೋಗ್ಲು ಅವರನ್ನು ಬಂಧಿಸಿದಾಗ ಬೀದಿಗಳಲ್ಲಿ ಜನ ತುಂಬಿದರು; ತುರ್ಕಿಯ ಸೈನ್ಯಬಲದ ಅಗತ್ಯವನ್ನು ಎಣಿಸುತ್ತಿದ್ದ ಯೂರೋಪಿನ ರಾಜಧಾನಿಗಳು ಮೆಲುದನಿಯಲ್ಲಿ ಅಸಮಾಧಾನ ಸೂಚಿಸಿ ಸುಮ್ಮನಾದವು. ಹೊರಗಿನ ಚಾತುರ್ಯ ಒಳಗಿನ ಜನಕ್ಕೆ ಅನ್ನವಾಗುವುದೆಂಬ ಭರವಸೆಯೂ ಇಲ್ಲ. ಧಾನ್ಯದ ಹಡಗುಗಳು ಸಾಗುತ್ತಿದ್ದ 2022ರ ಅಕ್ಟೋಬರಿನಲ್ಲಿಯೇ ತುರ್ಕಿಯ ಹಣದುಬ್ಬರ, ಸರಕಾರದ ಲೆಕ್ಕದಂತೆಯೇ, ನೂರಕ್ಕೆ 85ನ್ನು ಮೀರಿತ್ತು.

ಇನ್ನು ಬೀಗದ ಕೈಯ ವಿಷಯ. ಯುದ್ಧ ಆರಂಭವಾದ ವಾರದೊಳಗೆ ತುರ್ಕಿ ಅದನ್ನು ಯುದ್ಧವೆಂದೇ ಹೆಸರಿಟ್ಟು ಕರೆದು, ಮಾಂತ್ರೊ ಒಡಂಬಡಿಕೆಯಂತೆ ಯುದ್ಧನೌಕೆಗಳಿಗೆ ಜಲಸಂಧಿಯನ್ನು ಮುಚ್ಚಿತು. ಏಪ್ರಿಲಿನಲ್ಲಿ ರಷ್ಯದ ‘ಮಾಸ್ಕ್ವಾ’ ನೌಕೆ ಮುಳುಗಿದಾಗ ಅದರ ಸ್ಥಾನಕ್ಕೆ ಅಂತಹ ಇನ್ನೊಂದನ್ನು ಮೆಡಿಟರೇನಿಯನ್ನಿನಿಂದ ತರಲು ಆಗಲಿಲ್ಲ. 2024ರ ಜನವರಿಯಲ್ಲಿ ಎದುರು ಪಕ್ಷದ ಸರದಿ ಬಂದಿತು. ಸಮುದ್ರದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವ ಎರಡು ಹಡಗುಗಳನ್ನು ಬ್ರಿಟನ್ ಉಕ್ರೇನಿಗೆ ಕೊಟ್ಟಿತ್ತು. ಬ್ರಿಟನ್ ನೇಟೋದಲ್ಲಿ ತುರ್ಕಿಯ ಜೊತೆಗಾರ; ಹಡಗುಗಳ ಕೆಲಸವಾದರೋ ಧಾನ್ಯ ಸಾಗುವ ದಾರಿಯನ್ನು ನಿರಪಾಯಗೊಳಿಸುವುದು. ಯುದ್ಧ ನಡೆಯುತ್ತಿರುವವರೆಗೆ ಅವನ್ನು ಬಿಡಲಾಗದೆಂದು ತುರ್ಕಿ ಹೇಳಿತು. ಅದೇ ತಿಂಗಳು ರುಮೇನಿಯ, ಬಲ್ಗೇರಿಯಗಳೊಡನೆ ಕೂಡಿ, ಆ ಸಿಡಿಗುಂಡುಗಳನ್ನು ತೆಗೆಯುವ ಕೆಲಸವನ್ನು ಕಪ್ಪು ಸಮುದ್ರದ ದಡದವರಾದ ತಾವೇ ಮಾಡುವುದಾಗಿ ಒಪ್ಪಂದಕ್ಕೆ ಸಹಿ ಹಾಕಿತು.