ಯಂತ್ರದ ಕಿವಿ, ಮಕ್ಕಳ ಕಂಠ



ಶಾಲೆಯ ಮಕ್ಕಳ ಸಂಗೀತ ಶಿಕ್ಷಣದಲ್ಲಿ ಯಂತ್ರಗಳ ಉಪಯೋಗವೆಷ್ಟು ಎಂಬ ವಿಷಯವನ್ನು ಕಾರ್ಯದರ್ಶಿಗಳು ನನಗೆ ಒಪ್ಪಿಸಿದ್ದಾರೆ. ನಾನು ಗವಾಯಿಯಲ್ಲ, ಇಂಜಿನಿಯರನೂ ಅಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು. ಆದರೆ ನಮ್ಮ ಭಾನುವಾರದ ಸಂಗೀತ ವರ್ಗದ ಹಾಜರಿ, ಪರೀಕ್ಷೆಯ ಅರ್ಜಿ, ಅಂಕಪಟ್ಟಿ ಇವೆಲ್ಲ ನನ್ನ ಕೈಯಲ್ಲಿರುವುದರಿಂದ ನಾಲ್ಕು ಮಾತನಾಡುವ ಧೈರ್ಯ ಮಾಡಿದ್ದೇನೆ.

ನಾವು ರೈಲಿನ ಕೆಲಸಕ್ಕೋ ಕುರಕುಂಭದ ಕಾರಖಾನೆಗೋ ಬಂದು ಈ ಜಂಕ್ಷನ್ ಊರಿನಲ್ಲಿ ನೆಲೆಸಿದವರು. ಇಲ್ಲಿಯ ಭೀಮೆ ಹರಿದು ಹರಿದು ಕಲಬುರ್ಗಿಯ ಸೀಮೆಯನ್ನು ಸೇರುತ್ತಾಳೆ. ನಮ್ಮ ಮಕ್ಕಳು ಮಾತ್ರ ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಸೇರುತ್ತಾರೆ. ಅವರು ವಾರಕ್ಕೊಮ್ಮೆಯಾದರೂ ಕನ್ನಡವನ್ನು ಬಾಯಿತುಂಬ ಉಚ್ಚರಿಸುವುದು ದಾಸರ ಪದ, ಶರಣರ ವಚನ ಹಾಡುವಾಗಲೇ. ಹೀಗಿರಲು, ಒಂದು ಮಗು ಹಾಡು ಬಿಟ್ಟಿತೆಂದರೆ ಸಂಗೀತದ ಜೊತೆಗೆ ಇನ್ನೂ ಏನನ್ನು ಬಿಟ್ಟಿತೆಂಬುದನ್ನು ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇತ್ತೀಚೆಗೆ ಹಾಗೆ ಒಂದು ಮಗು ಬಿಟ್ಟಿತ್ತು. ಎಂಟನೆಯ ಇಯತ್ತೆಯ ಹುಡುಗಿ. ತಂದೆ ಗಾಡಿಯ ಮೇಲೆ ಹೋಗುವ ನೌಕರರು. ಆಕೆಯ ಶಾಲೆಯಲ್ಲಿ ಸಮೂಹಗಾನಕ್ಕೆ ಮಕ್ಕಳನ್ನು ಆರಿಸುವಾಗ ಮೊಬೈಲಿನ ಒಂದು ಆ್ಯಪ್ ಮುಂದೆ ಹಾಡಿಸಿದರು. ಸ್ವರ ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು, ಕೊನೆಗೆ ನೂರಕ್ಕೆ ಇಷ್ಟು ಎಂಬ ಅಂಕ. ಹುಡುಗಿಯ ಗಾಂಧಾರ ಪ್ರತಿ ಸಲವೂ ಕೆಂಪಾಯಿತು. ‘ನನಗೆ ಶ್ರುತಿಯೇ ಇಲ್ಲವಂತೆ’ ಎಂದು ಆಕೆ ನಮ್ಮ ವರ್ಗಕ್ಕೂ ಬರುವುದನ್ನು ನಿಲ್ಲಿಸಿದಳು. ನಮ್ಮ ಗುರುಗಳು ಮನೆಗೇ ಹೋಗಿ, ತಂಬೂರಿ ಮೀಟಿ ಹಾಡಿಸಿದರು. ಗಾಂಧಾರ ತಂತಿಯೊಡನೆ ಬೆರೆತು ಒಂದಾಗಿತ್ತು!

ಹಾಗಾದರೆ ತಪ್ಪಿದ್ದು ಯಾರು? ಇದನ್ನು ನಮ್ಮ ಕಸುಬಿನ ಭಾಷೆಯಲ್ಲಿ ಹೇಳುತ್ತೇನೆ. ಒಂದು ಸಪ್ತಕ ಹನ್ನೆರಡು ರೂಪಾಯಿ ಎಂದುಕೊಳ್ಳಿ. ಪಾಶ್ಚಾತ್ಯ ಪಿಯಾನೋದ ಪದ್ಧತಿಯಲ್ಲಿ ಹನ್ನೆರಡು ಮನೆಗಳಿಗೂ ಸರಿಯಾಗಿ ಒಂದೊಂದು ರೂಪಾಯಿ ಹಂಚಿದ್ದಾರೆ. ಆ ಲೆಕ್ಕದಲ್ಲಿ ಶುದ್ಧ ಗಾಂಧಾರ ನಿಲ್ಲುವುದು 4 ರೂಪಾಯಿಗೆ. ಆದರೆ ತಂಬೂರಿಯ ಖರ್ಜದ ತಂತಿಯೊಳಗಿಂದ ತಾನಾಗಿಯೇ ಹೊಮ್ಮುವ ಗಾಂಧಾರ 3 ರೂಪಾಯಿ 86 ಪೈಸೆಯದು. ಕಂಪನದ ಲೆಕ್ಕದಲ್ಲಿ ಷಡ್ಜ ಸೆಕೆಂಡಿಗೆ 240 ಆದರೆ ತಂಬೂರಿಯ ಗಾಂಧಾರ 300, ಪಿಯಾನೋದ್ದು 302ಕ್ಕೂ ತುಸು ಹೆಚ್ಚು. ಆ್ಯಪಿನಲ್ಲಿದ್ದುದು ಪಿಯಾನೋದ ಖಾತೆ. ಹುಡುಗಿ ತಂಬೂರಿಯ ಖಾತೆಗೆ ಸರಿಯಾಗಿ ಜಮಾ ಮಾಡಿದಳು; ಯಂತ್ರ 14 ಪೈಸೆ ಕಡಿಮೆ ಎಂದು ಕೆಂಪು ಶಾಯಿ ಎಳೆಯಿತು. ಯಂತ್ರ ಸುಳ್ಳು ಹೇಳಲಿಲ್ಲ, ಬೇರೆ ಖಾತೆಗೆ ತಾಳೆ ನೋಡಿತು ಅಷ್ಟೆ.

ಈ ತಂಟೆ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಸಾಂಗಲಿಯ ಕೆ.ಬಿ. ದೇವಲ ಎಂಬವರು ಡೆಪ್ಯುಟಿ ಕಲೆಕ್ಟರರಾಗಿದ್ದವರು. ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಹೊರಟು 1910ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. (ಲೆಕ್ಕಪತ್ರದ ನೌಕರರಿಗೆ ಸಂಗೀತದ ಗೊಡವೆ ಏಕೆಂದು ನನ್ನನ್ನು ಕೇಳುವವರು ಈ ಹೆಸರನ್ನು ನೆನಪಿಡಬೇಕು.) ಅವರಿಗೆ ಹಾಡಿ ತೋರಿಸಿದವರು ಖಾಂಸಾಹೇಬ ಅಬ್ದುಲ್ ಕರೀಮ್ ಖಾನರು, ಜೊತೆಗೂಡಿದವರು ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರು. ಇವರ ಅಳತೆಯಂತೆ ಶ್ರುತಿ ಹಾರ್ಮೋನಿಯಂ ಒಂದನ್ನು ಮಾಡಿಸಿದ್ದೂ ಆಯಿತು. 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಅದು ಪರೀಕ್ಷೆಗೆ ಬಂದಾಗ ವಿದ್ವಾಂಸರು ಒಪ್ಪಲಿಲ್ಲ. ಅಷ್ಟು ಶ್ರದ್ಧೆಯಿಂದ, ಒಬ್ಬ ಮಹಾಗಾಯಕನ ಕಂಠವನ್ನೇ ಎದುರಿಗಿಟ್ಟುಕೊಂಡು ಮಾಡಿದ ಅಳತೆಗೇ ಆ ಗತಿಯಾದರೆ, ಪುಕ್ಕಟೆ ಸಿಗುವ ಆ್ಯಪಿನ ತೀರ್ಪಿಗೆ ನಮ್ಮ ಮಕ್ಕಳನ್ನು ಒಪ್ಪಿಸಬಹುದೆ?

ಇನ್ನೊಂದು ಮಾತು. ಇಂಥ ಯಂತ್ರಗಳು ಹಲವು ಮೊದಲಿಗೇ ‘ಗಂಡೋ ಹೆಣ್ಣೋ’ ಎಂದು ಕೇಳಿ ತಾವೇ ಷಡ್ಜವನ್ನು ಗೊತ್ತುಮಾಡುತ್ತವೆ. ನಮ್ಮ ಗಂಗೂಬಾಯಿ ಹಾನಗಲ್ಲರನ್ನು ನೆನೆಯಿರಿ. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಿಂದ ಬಂದ ಅವರ ರೆಕಾರ್ಡುಗಳಲ್ಲಿ ಕೇಳುವುದು ಸಣ್ಣ, ಎತ್ತರದ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯ ತರುವಾಯ ಆ ಧ್ವನಿ ಗಂಡಸರ ಧ್ವನಿಯಷ್ಟು ಭಾರವಾಯಿತು. ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರ ಬಳಿ ಕಲಿತ ಆ ತಾಯಿ, ಅದೇ ಭಾರದ ಧ್ವನಿಯಿಂದ ದೇಶವನ್ನು ಗೆದ್ದರು. ‘ಹೆಣ್ಣು’ ಎಂದು ಒತ್ತಿದ್ದರೆ ಯಂತ್ರವು ಅವರಿಗೆ ಎಷ್ಟು ಅಂಕ ಕೊಡುತ್ತಿತ್ತೋ! ನಮ್ಮ ವರ್ಗದಲ್ಲಿಯೂ ಹನ್ನೆರಡು-ಹದಿಮೂರರ ಹುಡುಗರ ಧ್ವನಿ ಒಡೆಯುವ ಕಾಲದಲ್ಲಿ ಷಡ್ಜ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಹಳೆಯ ಷಡ್ಜದಲ್ಲಿಯೇ ಎಳೆದಾಡಿಸಿದರೆ ಹುಡುಗ ಅಪಸ್ವರದವನೆನಿಸಿಕೊಂಡು ಹಿಂದಿನ ಸಾಲಿಗೆ ಸರಿಯುತ್ತಾನೆ.

ಇಷ್ಟು ಕೇಳಿ ನಾನು ಯಂತ್ರದ್ವೇಷಿಯೆಂದು ತಾವು ತಿಳಿಯಬಾರದು. ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿನ ಮುಂದೆಯೇ ಕೂಡುವವನು ನಾನು. ಇಲೆಕ್ಟ್ರಾನಿಕ್ ತಂಬೂರಿ ಇಲ್ಲದಿದ್ದರೆ ರೈಲ್ವೆ ಕ್ವಾರ್ಟರುಗಳಲ್ಲಿ ಎಷ್ಟು ಮನೆಯಲ್ಲಿ ಶ್ರುತಿ ಇರುತ್ತಿತ್ತು? ವರ್ಗದ ವ್ಯವಸ್ಥೆಯಲ್ಲಂತೂ ಯಂತ್ರದ ಉಪಕಾರ ದೊಡ್ಡದು. ತಂದೆಯ ಪಾಳಿ ಬದಲಾದರೆ ಮಗುವಿನ ವೇಳೆಯೂ ಬದಲಾಗುತ್ತದೆ. ಹಿಂದೆ ಇದಕ್ಕಾಗಿ ಮನೆಮನೆಗೆ ಹೇಳಿಕಳಿಸಬೇಕಿತ್ತು. ಈಗ ಒಂದು ಎಕ್ಸೆಲ್ ಹಾಳೆಯಲ್ಲಿ ಮಗುವಿನ ಷಡ್ಜ, ಕಲಿತ ಪದ, ರಾಗ, ಹಾಜರಿ, ಬರಬಹುದಾದ ವೇಳೆ ಎಲ್ಲವೂ ಒಂದೇ ಕಡೆ ಇವೆ.

ಧ್ವನಿಮುದ್ರಣದ್ದು ಇನ್ನೂ ಮೇಲು. ತಿಂಗಳಿಗೊಮ್ಮೆ ಪ್ರತಿ ಮಗುವಿನಿಂದ, ತಂಬೂರಿಯೊಡನೆ, ಒಂದೇ ಅಲಂಕಾರವನ್ನೂ ಒಂದು ಪದವನ್ನೂ ಮೊಬೈಲಿನಲ್ಲಿ ಮುದ್ರಿಸಿ ತಾರೀಖು ಹಾಕಿ ಇಡುತ್ತೇವೆ. ಜೂನ್ ತಿಂಗಳದ್ದನ್ನೂ ಅಕ್ಟೋಬರದ್ದನ್ನೂ ಒಂದರ ಹಿಂದೊಂದು ಕೇಳಿಸಿದರೆ ಮಗುವೇ ನಗುತ್ತದೆ: ‘ಅಯ್ಯ, ನಾನು ಹಿಂಗ ಹಾಡ್ತಿದ್ದೆನೇನ್ರೀ?’ ಆ ನಗೆಗಿಂತ ಒಳ್ಳೆಯ ಅಂಕಪಟ್ಟಿಯನ್ನು ನಾನು ಕಂಡಿಲ್ಲ. ಆದರೆ ಒಬ್ಬರ ಮುದ್ರಣ ಇನ್ನೊಬ್ಬರ ಮನೆಗೆ ಹೋಗಕೂಡದು. ಬ್ಯಾಂಕಿನಲ್ಲಿ ಒಬ್ಬರ ಪಾಸ್‌ಬುಕ್ಕನ್ನು ಇನ್ನೊಬ್ಬರಿಗೆ ತೋರಿಸುತ್ತೇವೆಯೆ? ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಅಂಕ ಹಾಕಿರೆಂದು ಕೆಲವು ಪಾಲಕರು ಕೇಳಿದ್ದಾರೆ; ಅವರ ಮಾತು ನಡೆಸಿಕೊಡಲಾರೆನೆಂದು ಇಲ್ಲಿಯೇ ವಿನಯದಿಂದ ಹೇಳಿಬಿಡುತ್ತೇನೆ.

2020ರ ಲಾಕ್‌ಡೌನಿನಲ್ಲಿ ವಿಡಿಯೋ ಮೂಲಕ ಪಾಠ ನಡೆಸಿದವರಿಗೆ ಇನ್ನೊಂದು ಸೋಜಿಗ ತಿಳಿದಿದೆ. ಆ ಯಂತ್ರಕ್ಕೆ ಎಡೆಬಿಡದ ನಾದವೆಲ್ಲ ಗದ್ದಲ. ಫ್ಯಾನಿನ ಸದ್ದನ್ನು ಅಳಿಸುವಂತೆ ತಂಬೂರಿಯನ್ನೂ ಅಳಿಸಿಬಿಡುತ್ತದೆ. ಗದ್ದಲ ತಡೆಯುವ ಸೌಕರ್ಯವನ್ನು ಆರಿಸಿ ಕೂಡಬೇಕು. ಆರಿಸಿದರೂ, ಧ್ವನಿ ಅರೆಕ್ಷಣ ತಡೆದು ಬರುವುದರಿಂದ ಕೂಡಿ ಹಾಡುವುದಂತೂ ಸಾಧ್ಯವಿಲ್ಲ.

ಪರೀಕ್ಷೆಯ ಮಾತು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರದಲ್ಲಿ ತೆರೆದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯ ಮಂಡಲವು ಪ್ರಾರಂಭಿಕದಿಂದ ಅಲಂಕಾರದವರೆಗೆ ಪರೀಕ್ಷೆ ನಡೆಸುತ್ತದೆ. ಶಾಸ್ತ್ರೀಯ ಕಲೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮಕ್ಕಳಿಗೆ ಮಹಾರಾಷ್ಟ್ರದಲ್ಲಿ ಹತ್ತನೆಯ ಇಯತ್ತೆಯಲ್ಲಿ ಹೆಚ್ಚುವರಿ ಅಂಕಗಳೂ ದೊರೆಯುತ್ತವೆ. ಪಾಲಕರ ಉತ್ಸಾಹಕ್ಕೆ ಅದೂ ಒಂದು ಕಾರಣವೆಂದರೆ ಯಾರೂ ಕೋಪಿಸಿಕೊಳ್ಳಬಾರದು. ಅಲ್ಲಿ ಮಗುವಿನ ಎದುರು ಕೂಡುವವರು ಕಿವಿಯುಳ್ಳ ಮನುಷ್ಯರು. ಆದ್ದರಿಂದ ನಮ್ಮ ತಯಾರಿಯೂ ಮನುಷ್ಯರ ಮುಂದೆಯೇ ನಡೆಯಬೇಕೆಂದು ಗುರುಗಳು ನಿಶ್ಚಯಿಸಿದ್ದಾರೆ. ಮುದ್ರಣ ನೆನಪಿಗೆ, ಹಾಳೆ ವ್ಯವಸ್ಥೆಗೆ, ತೀರ್ಪು ಗುರುಗಳದು.

ಮೇಲೆ ಹೇಳಿದ ಹುಡುಗಿ ವರ್ಗಕ್ಕೆ ಮರಳಿದ್ದಾಳೆ. ಶಾಲೆಯ ಸಮೂಹಗಾನದಲ್ಲಿ ಮಾತ್ರ ಇನ್ನೂ ಸ್ಥಾನ ಸಿಕ್ಕಿಲ್ಲ. ಗುರುಗಳೂ ನಾನೂ ಅಲ್ಲಿಯ ಶಿಕ್ಷಕರನ್ನು ಕಂಡು, ತಂಬೂರಿಯ ಎದುರು ಮತ್ತೊಮ್ಮೆ ಕೇಳಿರೆಂದು ವಿನಂತಿಸಿ ಬಂದಿದ್ದೇವೆ. ಕೇಳುತ್ತೇವೆಂದು ಹೇಳಿದ್ದಾರೆ.

ಬರುವ ಪರೀಕ್ಷೆಯ ಅರ್ಜಿಗಳು ನನ್ನ ಬಳಿ ಇವೆ. ಸಂಘದ ಹಾಳೆಯಲ್ಲಿ ಈ ಸಲ ‘ಮಗುವಿನ ಷಡ್ಜ’ ಎಂಬ ಹೊಸ ಅಂಕಣ ಸೇರಿಸಿದ್ದೇನೆ. ದಯವಿಟ್ಟು ಅದನ್ನು ಮೊಬೈಲಿಗೆ ಕೇಳಿ ತುಂಬಬೇಡಿರಿ. ಭಾನುವಾರ ಮಗುವನ್ನು ಕರೆದುಕೊಂಡು ಬನ್ನಿರಿ. ಗುರುಗಳು ತಂಬೂರಿಯ ಮುಂದೆ ಕೂಡಿಸಿ ನೋಡಿ ಹೇಳುವರು, ನಾನು ಬರೆದುಕೊಳ್ಳುವೆ.